ಕಾರ್ಡು ಕಳೆದ ಗಳಿಗೆ, ಕಳೆದದ್ದು ತಿಳಿದ ಗಳಿಗೆ

ಸೂರತ್, ವಡೋದರಾ ಮತ್ತು ಅಹಮದಾಬಾದಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ,



ಹಜೀರಾದ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರು, ಬ್ಯಾಂಕು ಮತ್ತು ವಿಮಾ ಕಚೇರಿಗಳಿಗೆ ವರ್ಗವಾಗಿ ಬಂದವರು, ಹೋಟೆಲು ನಡೆಸುವ ಕರಾವಳಿಯವರು, ಎಸ್‌ವಿಎನ್‌ಐಟಿಯಲ್ಲಿ ಓದುವ ಮಕ್ಕಳು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದು ಇಲ್ಲೇ ಉಳಿದ ಹಿರಿಯರು, ಈ ಪತ್ರ ನಿಮ್ಮೆಲ್ಲರಿಗೂ. ವಿಷಯ ನಿಮ್ಮ ಪರ್ಸಿನಲ್ಲಿರುವ ಬ್ಯಾಂಕ್ ಕಾರ್ಡು. ಅದರ ಮೇಲೆ ನಾಲ್ಕು ಬಾಗಿದ ಗೆರೆಗಳ ಗುರುತು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇದ್ದರೆ ಅದು ಮೆಷೀನಿಗೆ ತಾಗಿಸಿದೊಡನೆ, ಪಿನ್ ಒತ್ತದೆಯೇ, ಹಣ ಪಾವತಿಯಾಗುವ ಕಾರ್ಡು. ನಮ್ಮ ಮನೆಗಳಲ್ಲಿ ಇದನ್ನು ‘ವೈಫೈ ಕಾರ್ಡು’ ಎಂದೇ ಕರೆಯುತ್ತಾರೆ.

ನಾನು ಬ್ಯಾಂಕಿನಲ್ಲಿ ದುಡಿದು, ನಿವೃತ್ತನಾಗಿ, ಸೂರತ್ತಿನಲ್ಲೇ ಉಳಿದವನು. ಹಬ್ಬಕ್ಕೋ ಮದುವೆಗೋ ನಾವು ಸೇರಿದಾಗ ಈ ಕಾರ್ಡಿನ ಮಾತು ಬಂದೇ ಬರುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವನು ಜೇಬಿನ ಹತ್ತಿರ ಮೆಷೀನು ಹಿಡಿದರೆ ಸಾಕು, ದುಡ್ಡು ಹೋಯಿತು ಎಂಬ ವಿಡಿಯೊ ನೋಡಿ ಹೆದರಿದವರು ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಇನ್ನೊಂದಷ್ಟು ಜನ ‘ಬ್ಯಾಂಕಿನವರು ನೋಡಿಕೊಳ್ಳುತ್ತಾರೆ ಬಿಡಿ’ ಎಂದು ಯಾವ ಮಿತಿಯನ್ನೂ ಹಾಕದೆ ಊರೆಲ್ಲ ತಾಗಿಸಿಕೊಂಡು ಓಡಾಡುತ್ತಿದ್ದಾರೆ. ಈ ಹೆದರಿಕೆಗೂ ಆ ಧೈರ್ಯಕ್ಕೂ ಸರಿಯಾದ ಆಧಾರವಿಲ್ಲ. ಅಪಾಯ ಇರುವುದು ನಿಜ, ಆದರೆ ಅದು ನಾವು ಹುಡುಕುತ್ತಿರುವ ಜಾಗದಲ್ಲಿಲ್ಲ. ಕಾರ್ಡು ಕೈತಪ್ಪಿದ ಗಳಿಗೆಗೂ ಅದು ನಮಗೆ ತಿಳಿದು ಬ್ಯಾಂಕಿಗೆ ಮುಟ್ಟಿಸಿದ ಗಳಿಗೆಗೂ ನಡುವೆ ಒಂದು ಅಂತರವಿದೆ. ಅಪಾಯವೆಲ್ಲ ಆ ಅಂತರದಲ್ಲಿದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಬೇರೆಯವರಿಗಿಂತ ದೊಡ್ಡದು. ಅದನ್ನು ಕಿರಿದು ಮಾಡುವ ದಾರಿಗಳನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ನಮ್ಮ ಕೈಗೆ ಬಂದ ಬಗೆ. ತಾಗಿಸಿ ಹಣ ಕೊಡುವ ಪದ್ಧತಿ ಜಗತ್ತಿನಲ್ಲಿ ಬೆಳೆದದ್ದು ಬಸ್ಸು ರೈಲುಗಳಲ್ಲಿ. ಹಾಂಗ್‌ಕಾಂಗಿನಲ್ಲಿ 1997ರಲ್ಲಿ ಆಕ್ಟೋಪಸ್ ಕಾರ್ಡು ಬಂತು. ಲಂಡನ್ನಿನ ಬಸ್ಸುಗಳು 2012ರ ಕೊನೆಗೆ, ಸುರಂಗ ರೈಲು 2014ರಲ್ಲಿ ನೇರವಾಗಿ ಬ್ಯಾಂಕ್ ಕಾರ್ಡನ್ನೇ ಒಪ್ಪಿಕೊಂಡವು. ನಮ್ಮಲ್ಲಿ ರಿಸರ್ವ್ ಬ್ಯಾಂಕು 2015ರ ಮೇ ತಿಂಗಳಲ್ಲಿ ₹2,000ವರೆಗಿನ ಇಂಥ ಪಾವತಿಗೆ ಪಿನ್ ಬೇಡವೆಂದು ಅನುಮತಿ ಕೊಟ್ಟಿತು. ಕೋವಿಡ್ ಕಾಲದಲ್ಲಿ ಮೆಷೀನಿನ ಗುಂಡಿ ಮುಟ್ಟಲೂ ಜನ ಅಂಜುತ್ತಿದ್ದರು. 2021ರ ಜನವರಿ 1ರಿಂದ ಆ ಮಿತಿ ₹5,000ಕ್ಕೆ ಏರಿತು. ಈ ಕಥೆಯಲ್ಲಿ ಗುಜರಾತಿಗೂ ಜಾಗವಿದೆ. ಒಂದೇ ಕಾರ್ಡಿನಲ್ಲಿ ದೇಶದ ಎಲ್ಲ ಮೆಟ್ರೋ, ಬಸ್ಸುಗಳಲ್ಲಿ ಓಡಾಡುವಂತಾಗಬೇಕು ಎಂಬ ಆಶಯದ ‘ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್’ ಬಿಡುಗಡೆಯಾದದ್ದು ಅಹಮದಾಬಾದಿನಲ್ಲಿ, 2019ರ ಮಾರ್ಚ್ 4ರಂದು, ಅಲ್ಲಿನ ಮೆಟ್ರೋದ ಮೊದಲ ತುಂಡು ಉದ್ಘಾಟನೆಯಾದ ದಿನವೇ. ಸೂರತ್ತಿನ ಸಿಟಿಲಿಂಕ್ ಬಸ್ಸುಗಳಿಗೆ ಪಾಲಿಕೆಯ ‘ಸೂರತ್ ಮನಿ ಕಾರ್ಡ್’ ಬಂದಿದೆ. ಬೆಂಗಳೂರಿಗೆ ಹೋದಾಗ ನಮ್ಮ ಮೆಟ್ರೋದಲ್ಲೂ ಮೊಬಿಲಿಟಿ ಕಾರ್ಡು ನಡೆಯುತ್ತದೆ.

ಅನುಕೂಲದ ಮಾತನ್ನೂ ಮನಸ್ಸು ಬಿಚ್ಚಿಯೇ ಆಡಬೇಕು. ಬೆರಳು ನಡುಗುವ, ಪಿನ್ ಮರೆತುಹೋಗುವ ಹಿರಿಯರಿಗೆ ಇದು ದೊಡ್ಡ ನೆರವು. ಸ್ಮಾರ್ಟ್‌ಫೋನು ಒಗ್ಗದವರು ಕ್ಯೂಆರ್ ಸ್ಕ್ಯಾನು ಮಾಡಲಾರರು, ಆದರೆ ಕಾರ್ಡು ತಾಗಿಸಬಲ್ಲರು. ಇದಕ್ಕಿಂತ ಮುಖ್ಯವಾದ ಇನ್ನೊಂದು ಲಾಭವನ್ನು ಬಹಳ ಜನ ಗಮನಿಸಿಲ್ಲ. ನಮ್ಮ ಅಂಗಡಿಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಕಾರ್ಡು ಈಸಿಕೊಂಡು ‘ಪಿನ್ ಬೋಲೋ ಸಾಹೇಬ್’ ಎನ್ನುವ ಕೆಟ್ಟ ಅಭ್ಯಾಸವಿದೆ. ಸಾಲಿನಲ್ಲಿ ನಿಂತ ಹತ್ತು ಜನರ ಎದುರು ನಾಲ್ಕು ಅಂಕಿಗಳನ್ನು ಜೋರಾಗಿ ಹೇಳುವವರನ್ನು ನೀವೂ ಕಂಡಿರುತ್ತೀರಿ. ಆಮೇಲೆ ಆ ಕಾರ್ಡು ಕಳುವಾದರೆ ಎಟಿಎಮ್ಮಿನಿಂದ ಖಾತೆಯೇ ಬರಿದಾಗಬಹುದು. ತಾಗಿಸುವಾಗ ಪಿನ್ ಯಾರ ಕಿವಿಗೂ ಬೀಳುವುದಿಲ್ಲ, ಕಾರ್ಡು ನಮ್ಮ ಕೈ ಬಿಡುವುದಿಲ್ಲ. ಈ ಲೆಕ್ಕದಲ್ಲಿ ಸಣ್ಣ ಮೊತ್ತಕ್ಕೆ ತಾಗಿಸುವುದು, ಪಿನ್ ಕೂಗಿ ಹೇಳುವುದಕ್ಕಿಂತ ಎಷ್ಟೋ ಸುರಕ್ಷಿತ.

ಈಗ ಗಾಳಿಯಲ್ಲಿ ಏನು ಹೋಗುತ್ತದೆ ಎಂಬುದು. ಕಾರ್ಡಿನೊಳಗೆ ಒಂದು ಚಿಪ್ಪೂ ಅದರ ಸುತ್ತ ಕೂದಲೆಳೆಯಂಥ ತಂತಿಯ ಸುರುಳಿಯೂ ಇವೆ. ಬ್ಯಾಟರಿ ಇಲ್ಲ. ಮೆಷೀನು ಹೊರಡಿಸುವ 13.56 ಮೆಗಾಹರ್ಟ್ಸ್ ಅಲೆಯಿಂದಲೇ ಚಿಪ್ಪಿಗೆ ವಿದ್ಯುತ್ ಸಿಗುತ್ತದೆ. ಹಾಗಾಗಿ ಕಾರ್ಡು ಮೆಷೀನಿನ ನಾಲ್ಕಾರು ಸೆಂಟಿಮೀಟರ್ ಹತ್ತಿರ ಬರಲೇಬೇಕು. ಆಗ ಚಿಪ್ಪು ಆ ಒಂದು ವ್ಯವಹಾರಕ್ಕಷ್ಟೇ ಸಲ್ಲುವ ಗುಪ್ತಸಂಕೇತವೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಅದನ್ನು ಯಾರಾದರೂ ಕದ್ದು ಕೇಳಿಸಿಕೊಂಡರೂ ಇನ್ನೊಂದು ಪಾವತಿಗೆ ಬಳಸಲಾಗದು. ಪಿನ್ ಗಾಳಿಯಲ್ಲಿ ಹೋಗುವುದಿಲ್ಲ, ಕಾರ್ಡಿನ ಹಿಂದೆ ಅಚ್ಚಾದ ಸಿವಿವಿ ಕೂಡ ಹೋಗುವುದಿಲ್ಲ. ಕಾರ್ಡಿನ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳನ್ನು ಮಾತ್ರ ಹತ್ತಿರದಿಂದ ಓದಲು ಸಾಧ್ಯವಿದೆ. ಭಾರತದಲ್ಲಿ ಆನ್‌ಲೈನ್ ಖರೀದಿಗೆ ಓಟಿಪಿಯಂಥ ಎರಡನೆಯ ತಡೆ 2009ರಿಂದ ಕಡ್ಡಾಯವಾಗಿರುವುದರಿಂದ ಇಲ್ಲಿ ಆ ಎರಡು ವಿವರಗಳಿಂದ ಕಳ್ಳನಿಗೆ ಪ್ರಯೋಜನವಿಲ್ಲ. ಓಟಿಪಿ ಕೇಳದ ಕೆಲವು ವಿದೇಶಿ ಮಳಿಗೆಗಳಿವೆ. ಅದಕ್ಕೇ ವಿದೇಶ ಪ್ರವಾಸ, ವಿದೇಶಿ ಖರೀದಿ ಇಲ್ಲದವರು ಕಾರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಸೌಲಭ್ಯವನ್ನು ಆಫ್ ಇಟ್ಟಿರಬೇಕು.

ಚೌಟಾ ಬಜಾರಿನ ನೂಕುನುಗ್ಗಲಿನಲ್ಲಿ, ಸಹಾರಾ ದರ್ವಾಜಾದ ಜವಳಿ ಮಾರುಕಟ್ಟೆಯ ಲಿಫ್ಟಿನಲ್ಲಿ ಯಾರೋ ಮೆಷೀನು ಹಿಡಿದು ಜೇಬಿಗೆ ತಾಗಿಸಿಬಿಟ್ಟರೆ ಎಂಬ ಭಯದ ಬಗ್ಗೆಯೂ ಹೇಳುತ್ತೇನೆ. ಅದು ತಾಂತ್ರಿಕವಾಗಿ ಆಗದ ಮಾತಲ್ಲ. ಆದರೆ ಸ್ವೈಪ್ ಮೆಷೀನು ತಾನೇ ನೋಟು ಉಗುಳುವುದಿಲ್ಲ. ಅದನ್ನು ಪಡೆಯಲು ಒಬ್ಬ ವ್ಯಾಪಾರಿ ಗುರುತಿನ ದಾಖಲೆ, ಅಂಗಡಿಯ ವಿಳಾಸ, ಬ್ಯಾಂಕ್ ಖಾತೆ ಕೊಟ್ಟಿರಬೇಕು. ಹಣ ಬರುವುದು ಆ ಖಾತೆಗೆ, ಅದೂ ಸಾಮಾನ್ಯವಾಗಿ ಮರುದಿನ. ಒಂದೆರಡು ದೂರು ಬಂದೊಡನೆ ಮೆಷೀನು ಯಾರದ್ದೆಂದು ಗೊತ್ತಾಗುತ್ತದೆ. ಕಳ್ಳನಿಗೆ ಇದು ತನ್ನ ಹೆಸರು ವಿಳಾಸ ಬರೆದಿಟ್ಟು ಕದಿಯುವ ಕೆಲಸ. ಪರ್ಸಿನಲ್ಲಿ ಎರಡು ಮೂರು ಇಂಥ ಕಾರ್ಡುಗಳು ಒತ್ತಾಗಿದ್ದರೆ ಮೆಷೀನು ತಬ್ಬಿಬ್ಬಾಗಿ ಒಂದನ್ನೂ ಓದದಿರುವುದೂ ಉಂಟು. ಲೋಹದ ಪದರವಿರುವ ಪರ್ಸು ಕೊಂಡರೆ ತಪ್ಪೇನಿಲ್ಲ, ಅಲೆಗಳನ್ನು ಅದು ತಡೆಯುತ್ತದೆ. ಆದರೆ ಅದಕ್ಕೆ ನೂರಾರು ರೂಪಾಯಿ ಸುರಿದು, ಮುಂದೆ ಹೇಳಲಿರುವ ಕೆಲಸಗಳನ್ನು ಬಿಟ್ಟರೆ ಏನೂ ಸಾಧಿಸಿದಂತಾಗದು.

ತಂತ್ರಜ್ಞಾನದಲ್ಲಿ ಬಿರುಕುಗಳೇ ಇಲ್ಲವೆಂದು ನಾನು ಹೇಳಲಾರೆ. 2020ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಆಂಡ್ರಾಯ್ಡ್ ಫೋನುಗಳನ್ನು ಬಳಸಿ, ವೀಸಾ ಕಾರ್ಡು ಮತ್ತು ಮೆಷೀನಿನ ನಡುವಿನ ಸಂದೇಶವನ್ನು ತಿದ್ದಿ, ಪಿನ್ ಬೇಕಾದ ದೊಡ್ಡ ಮೊತ್ತವನ್ನೂ ಪಿನ್ ಇಲ್ಲದೆ ಪಾವತಿಸಬಹುದೆಂದು ತೋರಿಸಿಕೊಟ್ಟರು. 2024ರಲ್ಲಿ ಈಸೆಟ್ ಎಂಬ ಭದ್ರತಾ ಸಂಸ್ಥೆ ಝೆಕ್ ದೇಶದ ಬ್ಯಾಂಕ್ ಗ್ರಾಹಕರ ಮೇಲೆ ನಡೆದ ‘ಎನ್‌ಗೇಟ್’ ಎಂಬ ದಾಳಿಯನ್ನು ಬಯಲಿಗೆ ತಂದಿತು. ಅದರ ರೀತಿಯನ್ನು ನಾವೆಲ್ಲ ತಿಳಿದಿರಬೇಕು. ಬ್ಯಾಂಕಿನವರೆಂದು ನಂಬಿಸಿ ಕರೆ ಮಾಡುತ್ತಾರೆ, ಒಂದು ಆಪ್ ಹಾಕಿಸುತ್ತಾರೆ, ಪಿನ್ ಬದಲಿಸುವ ನೆಪದಲ್ಲಿ ಕಾರ್ಡನ್ನು ನಿಮ್ಮದೇ ಫೋನಿನ ಬೆನ್ನಿಗೆ ಹಿಡಿಯಿರಿ ಎನ್ನುತ್ತಾರೆ. ಆ ಆಪ್ ಕಾರ್ಡಿನ ಮಾತನ್ನು ದೂರದಲ್ಲಿರುವ ಕಳ್ಳನ ಫೋನಿಗೆ ಸಾಗಿಸುತ್ತದೆ. ಆತ ಎಟಿಎಮ್ಮಿನ ಮುಂದೆ ನಿಂತಿರುತ್ತಾನೆ. ಇಲ್ಲಿ ಮೋಸಹೋದದ್ದು ಚಿಪ್ಪಲ್ಲ, ಕಾರ್ಡು ಹಿಡಿದ ಮನುಷ್ಯ. ಆದ್ದರಿಂದ ಮನೆಯವರಿಗೆಲ್ಲ ಒಂದು ಮಾತು ಹೇಳಿಡಿ: ಫೋನಿನಲ್ಲಿ ಯಾರೇ ಕೇಳಲಿ, ಯಾವ ಭಾಷೆಯಲ್ಲೇ ಕೇಳಲಿ, ಕಾರ್ಡನ್ನು ಫೋನಿಗೆ ತಾಗಿಸಬಾರದು, ಅವರು ಕಳಿಸಿದ ಲಿಂಕಿನಿಂದ ಆಪ್ ಹಾಕಬಾರದು.

ಇವೆಲ್ಲಕ್ಕಿಂತ ಸರಳವಾದ, ಇವೆಲ್ಲಕ್ಕಿಂತ ಸಾಮಾನ್ಯವಾದ ಅಪಾಯವೆಂದರೆ ಕಾರ್ಡು ಕಳೆದುಹೋಗುವುದು. ರಿಕ್ಷಾದ ಸೀಟಿನಲ್ಲಿ ಜಾರಿಬಿದ್ದ, ಔಷಧದ ಅಂಗಡಿಯ ಗಲ್ಲೆಯ ಮೇಲೆ ಮರೆತ ಕಾರ್ಡು ಯಾರ ಕೈಗೆ ಸಿಕ್ಕಿದರೂ ಪಿನ್ ಇಲ್ಲದೆ ನಡೆಯುತ್ತದೆ. ₹5,000 ಎಂಬುದು ಒಂದು ಸಲದ ಮಿತಿ, ದಿನದ ಮಿತಿಯಲ್ಲ ಎಂಬುದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿ. ದಿನಕ್ಕೆ ಎಷ್ಟು ಸಲ, ಒಟ್ಟು ಎಷ್ಟು ಎಂಬುದು ಬ್ಯಾಂಕು ಮತ್ತು ನೀವು ಹಾಕಿದ ಮಿತಿಗೆ ಬಿಟ್ಟದ್ದು. ಯಾವ ಮಿತಿಯೂ ಇಲ್ಲದೆ ಬಿಟ್ಟ ಕಾರ್ಡು ಸಿಕ್ಕಿದವನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆದಷ್ಟೂ ಹಣ ಹೋಗುತ್ತಿರುತ್ತದೆ. ಅದು ನಿಲ್ಲುವುದು ನೀವು ಬ್ಲಾಕ್ ಮಾಡಿಸಿದಾಗ.

ಬ್ಲಾಕ್ ಮಾಡಿಸಬೇಕಾದರೆ ಮೊದಲು ತಿಳಿಯಬೇಕು. ನಮ್ಮ ಕಷ್ಟ ಶುರುವಾಗುವುದೇ ಅಲ್ಲಿ.

ನಮ್ಮಲ್ಲಿ ಎಷ್ಟೋ ಜನರ ಖಾತೆ ಇವತ್ತಿಗೂ ಕುಂದಾಪುರದಲ್ಲೋ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇದೆ. ಖಾತೆ ತೆರೆದಾಗ ಕೊಟ್ಟ ಮೊಬೈಲ್ ಸಂಖ್ಯೆ ಕರ್ನಾಟಕದ್ದು. ಇಲ್ಲಿಗೆ ಬಂದ ಮೇಲೆ ಹೊಸ ಸಿಮ್ ಕೊಂಡೆವು, ಹಳೆಯದಕ್ಕೆ ರೀಚಾರ್ಜ್ ಮಾಡುವುದನ್ನು ನಿಲ್ಲಿಸಿದೆವು. 90 ದಿನ ಬಳಸದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಲ್ಲಿಸಬಹುದು, ಸ್ವಲ್ಪ ಕಾಲದ ಮೇಲೆ ಅದೇ ಸಂಖ್ಯೆ ಬೇರೆ ಯಾರಿಗೋ ಹೋಗುತ್ತದೆ. ಅಂದರೆ ನಿಮ್ಮ ಕಾರ್ಡಿನಿಂದ ಹಣ ಕಡಿತವಾದ ಸುದ್ದಿ ಗುರುತು ಪರಿಚಯವಿಲ್ಲದ ಒಬ್ಬರ ಫೋನಿನಲ್ಲಿ ಗಣಗುಟ್ಟುತ್ತಿರುತ್ತದೆ. ನಿಮ್ಮ ಓಟಿಪಿಯೂ ಅಲ್ಲಿಗೇ ಹೋಗುತ್ತದೆ. ಕೆಲವು ಮನೆಗಳಲ್ಲಿ ತಂದೆಯ ಪೆನ್ಷನ್ ಖಾತೆಗೆ ಊರಿನಲ್ಲಿರುವ ದೊಡ್ಡ ಮಗನ ಸಂಖ್ಯೆ ಕೊಟ್ಟಿರುತ್ತಾರೆ, ಕಾರ್ಡು ಮಾತ್ರ ಸೂರತ್ತಿನಲ್ಲಿ ತಂದೆಯ ಜೇಬಿನಲ್ಲಿರುತ್ತದೆ. ಮೆಸೇಜು ಬಂದಾಗ ‘ಅಪ್ಪ ಏನೋ ಕೊಂಡಿರಬೇಕು’ ಎಂದು ಮಗ ಸುಮ್ಮನಾಗುತ್ತಾರೆ. ಇಂಗ್ಲಿಷಿನ ಮೆಸೇಜನ್ನು ಓದಲಾರದ ಅಮ್ಮಂದಿರು ಅದನ್ನು ಸಂಜೆ ಮೊಮ್ಮಗ ಶಾಲೆಯಿಂದ ಬರುವ ತನಕ ಹಾಗೇ ಇಟ್ಟಿರುತ್ತಾರೆ. ಕೊಂಕಣ ರೈಲಿನಲ್ಲಿ ಊರಿಗೆ ಹೊರಟಾಗ ಸುರಂಗದ ಮೇಲೆ ಸುರಂಗ ಬಂದು ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ. ಅಂತರ ಬೆಳೆಯುವುದು ಹೀಗೆ.

ಬ್ಯಾಂಕುಗಳ ವಿಲೀನವನ್ನೂ ಇಲ್ಲಿ ನೆನೆಯಬೇಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, 1908ರಲ್ಲಿ ಮಹಾರಾಜಾ ಸಯಾಜಿರಾವ್ ಗಾಯಕವಾಡರು ವಡೋದರಾದಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದೊಡನೆ 2019ರ ಏಪ್ರಿಲ್ 1ರಂದು ಒಂದಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ನಮ್ಮ ಊರಿನ ಬ್ಯಾಂಕು ನಾವು ಬಂದು ನೆಲೆಸಿದ ಊರಿನ ಬ್ಯಾಂಕಿನ ಭಾಗವಾಯಿತು ಎಂಬುದು ನಮ್ಮಲ್ಲಿ ಹಲವರ ಬದುಕಿನ ಸಂಗತಿಯೇ. ಇಂಥ ಸಮಯದಲ್ಲಿ ಶಾಖೆಯ ಹೆಸರು, ಆಪ್, ಸಹಾಯವಾಣಿ, ಕಾರ್ಡು ಎಲ್ಲವೂ ಬದಲಾಗುತ್ತವೆ. ಹಳೆಯ ಪಾಸ್‌ಬುಕ್ಕಿನ ಹಿಂದೆ ಅಚ್ಚಾದ ಸಹಾಯವಾಣಿಗೆ ಫೋನು ಮಾಡಿ ಉತ್ತರ ಸಿಗದೆ ಹೊತ್ತು ಕಳೆಯುವಂತಾಗಬಾರದು. ಈಗಿನ ಕಾರ್ಡಿನ ಹಿಂದಿರುವ ಸಂಖ್ಯೆಯೇ ಸರಿಯಾದದ್ದು. ಆದರೆ ಕಾರ್ಡೇ ಕಳೆದರೆ ಆ ಸಂಖ್ಯೆಯೂ ಹೋಯಿತಲ್ಲ! ಅದನ್ನು ಇಂದೇ ಒಂದು ಚೀಟಿಯಲ್ಲಿ ಬರೆದು ಪರ್ಸಿನ ಹೊರಗೆ, ಮನೆಯ ಕ್ಯಾಲೆಂಡರಿನ ಮೇಲೆ, ಇನ್ನೊಬ್ಬರ ಫೋನಿನಲ್ಲಿ ಇಡಿ.

ಈ ಅಂತರದ ಬೆಲೆ ಎಷ್ಟೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋಗಿ, ಆ ಬಗ್ಗೆ ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನೀವು ಒಂದು ರೂಪಾಯಿಯನ್ನೂ ಭರಿಸಬೇಕಾಗಿಲ್ಲ. ನಾಲ್ಕರಿಂದ ಏಳನೆಯ ಕೆಲಸದ ದಿನದೊಳಗೆ ಹೇಳಿದರೆ ಸಾಮಾನ್ಯ ಉಳಿತಾಯ ಖಾತೆಗೆ ಪ್ರತಿ ವ್ಯವಹಾರಕ್ಕೆ ₹10,000ವರೆಗೆ, ಅಥವಾ ವ್ಯವಹಾರದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟು, ನಿಮ್ಮ ಹೊಣೆ. ಏಳು ದಿನ ದಾಟಿದರೆ ಬ್ಯಾಂಕಿನ ನೀತಿಗೆ ಬಿಟ್ಟದ್ದು. ಇದರ ಅರ್ಥವನ್ನು ನಮ್ಮ ಕಾರ್ಡಿಗೆ ಅನ್ವಯಿಸಿ ನೋಡಿ. ತಾಗಿಸಿ ಕದ್ದ ಮೊತ್ತ ಒಂದು ಸಲಕ್ಕೆ ಸಾಮಾನ್ಯವಾಗಿ ₹5,000 ದಾಟುವುದಿಲ್ಲ. ಹಾಗಾದರೆ ₹10,000ದ ಆ ಮಿತಿ ನಮ್ಮನ್ನು ಕಾಪಾಡುವುದೇ ಇಲ್ಲ. ನಾಲ್ಕನೆಯ ದಿನಕ್ಕೆ ಕಾಲಿಟ್ಟರೆ ಪ್ರತಿ ಸಲದ ಪೂರ್ತಿ ಮೊತ್ತವೂ ನಮ್ಮ ತಲೆಯ ಮೇಲೆ ಬರಬಹುದು. ದೊಡ್ಡ ವಂಚನೆಗೆ ಒಳಗಾದವರಿಗಿಂತ ಹೆಚ್ಚು ಅವಸರ ನಮಗಿರಬೇಕಾದ ಕಾರಣ ಇದು.

ಆ ಮೂರು ದಿನಗಳನ್ನು ಎಣಿಸುವ ಕ್ರಮವೂ ನಮಗೆ ಸಂಬಂಧಪಟ್ಟದ್ದು. ಸೂಚನೆ ಬಂದ ದಿನವನ್ನು ಬಿಟ್ಟು, ಖಾತೆಯಿರುವ ಮೂಲ ಶಾಖೆಯ ಕೆಲಸದ ದಿನಗಳನ್ನೇ ಎಣಿಸಬೇಕೆಂದು ಅದೇ ಸುತ್ತೋಲೆ ಹೇಳುತ್ತದೆ. ನಿಮ್ಮ ಖಾತೆ ಧಾರವಾಡದಲ್ಲಿದ್ದರೆ ನವೆಂಬರ್ 1ರ ರಾಜ್ಯೋತ್ಸವದಂದು ಸೂರತ್ತಿನ ಶಾಖೆ ತೆರೆದಿದ್ದರೂ ಅದು ನಿಮ್ಮ ಲೆಕ್ಕಕ್ಕೆ ಕೆಲಸದ ದಿನವಲ್ಲ. ಬ್ಯಾಂಕಿನವರು ದಿನ ಮೀರಿತೆಂದರೆ ಈ ನಿಯಮವನ್ನು ತೋರಿಸಿ ಕೇಳುವ ಹಕ್ಕು ನಿಮಗಿದೆ.

ಕಾರ್ಡು ಕಳೆದುಕೊಂಡದ್ದೇ ನಿಮ್ಮ ಅಜಾಗರೂಕತೆ ಎಂದು ಬ್ಯಾಂಕು ವಾದಿಸಬಹುದು. ಗ್ರಾಹಕರ ಅಜಾಗರೂಕತೆಯಿಂದ ಹೋದ ಹಣಕ್ಕೆ, ದೂರು ಕೊಡುವ ತನಕ, ಗ್ರಾಹಕರೇ ಹೊಣೆ ಎಂದು ನಿಯಮವಿದೆ. ಆದರೆ ಹೊಣೆ ನಿಮ್ಮದೆಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ನೀವು ತಿಳಿಸಿದ ನಂತರ ನಡೆದ ಯಾವ ವ್ಯವಹಾರಕ್ಕೂ ನೀವು ಹೊಣೆಯಲ್ಲ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಹೇಗೆ ವಾದಿಸಿದರೂ ಗೆರೆ ಬೀಳುವುದು ನೀವು ತಿಳಿಸಿದ ಗಳಿಗೆಯಲ್ಲಿ. ಆದ್ದರಿಂದ ದೂರು ಕೊಟ್ಟ ಸಮಯ, ದೂರಿನ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಿಂದಿರುಗಿಸಬೇಕು, 90 ದಿನಗಳೊಳಗೆ ತೀರ್ಮಾನ ಹೇಳಬೇಕು. ವಂಚನೆಯಾಗಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ನ್ಯಾಯವೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರಿನಲ್ಲಿ ಈ ವ್ಯವಸ್ಥೆಯನ್ನು ಒಗ್ಗೂಡಿಸಿದಾಗ ಅಂಚೆ ಮತ್ತು ಇಮೇಲ್ ದೂರುಗಳಿಗಾಗಿ ಚಂಡೀಗಢದಲ್ಲಿ ಒಂದು ಕೇಂದ್ರ ತೆರೆದರು. ಅಲ್ಲಿಗೆ ಯಾವ ಭಾಷೆಯಲ್ಲಾದರೂ ಬರೆಯಬಹುದು. ಸೂರತ್ತಿನಲ್ಲಿ ಕುಳಿತ ನಿಮ್ಮ ಅಜ್ಜಿ ತನ್ನ ದೂರನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಹಿಂದಿ, ಗುಜರಾತಿ ಬಾರದೆಂಬ ಸಂಕೋಚದಿಂದ ಯಾರೂ ನಷ್ಟವನ್ನು ನುಂಗಿಕೊಂಡು ಕೂರಬೇಕಾಗಿಲ್ಲ.

ಇನ್ನು ನಾವು ಮಾಡಬೇಕಾದದ್ದು. 2020ರ ಜನವರಿ 15ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಬಹಳ ಒಳ್ಳೆಯ ಅಧಿಕಾರವೊಂದನ್ನು ನಮ್ಮ ಕೈಗೆ ಕೊಟ್ಟಿದೆ. ಹೊಸ ಕಾರ್ಡು ಬಂದಾಗ ತಾಗಿಸುವ ಸೌಲಭ್ಯ, ಆನ್‌ಲೈನ್ ಖರೀದಿ, ವಿದೇಶಿ ಬಳಕೆ ಇವೆಲ್ಲ ಆಫ್ ಆಗಿರಬೇಕು. ಯಾವುದನ್ನು ಆನ್ ಮಾಡಬೇಕು, ಎಷ್ಟು ಮಿತಿ ಹಾಕಬೇಕು ಎಂಬುದು ನಿಮ್ಮ ತೀರ್ಮಾನ. ಬ್ಯಾಂಕಿನ ಆಪ್, ನೆಟ್‌ಬ್ಯಾಂಕಿಂಗ್, ಎಟಿಎಂ, ಫೋನು ಇವುಗಳ ಮೂಲಕ ದಿನದ ಯಾವ ಹೊತ್ತಿನಲ್ಲಾದರೂ ಅದನ್ನು ಬದಲಿಸಬಹುದು. ಆದ್ದರಿಂದ ‘ವೈಫೈ ಕಾರ್ಡು ಬೇಡ, ಹಳೆಯದೇ ಕೊಡಿ’ ಎಂದು ಶಾಖೆಯಲ್ಲಿ ವಾದಿಸುವ ಅಗತ್ಯವೇ ಇಲ್ಲ. ಬೇಡವಾದವರು ಆಫ್ ಇಡಿ. ಬೇಕಾದವರು ಆನ್ ಮಾಡಿ, ಮಿತಿಯನ್ನು ನಿಮ್ಮ ದಿನದ ಖರ್ಚಿಗೆ ತಕ್ಕಂತೆ ಐನೂರಕ್ಕೋ ಸಾವಿರಕ್ಕೋ ಇಳಿಸಿ. ಹಾಲು, ತರಕಾರಿ, ಔಷಧಕ್ಕೆ ಅಷ್ಟು ಸಾಕು. ಹೆಚ್ಚಿನದಕ್ಕೆ ಕಾರ್ಡು ಸಿಕ್ಕಿಸಿ, ಕೈ ಮರೆಮಾಡಿ, ಪಿನ್ ನೀವೇ ಒತ್ತಿ.

ದಿನಬಳಕೆಗೆ ಒಂದು ಬೇರೆ ಖಾತೆಯನ್ನಿಟ್ಟು ಅದರ ಕಾರ್ಡನ್ನಷ್ಟೇ ಪರ್ಸಿನಲ್ಲಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಸಂಬಳದ, ಪೆನ್ಷನ್ನಿನ ಖಾತೆಯ ಕಾರ್ಡು ಮನೆಯಲ್ಲಿರಲಿ. ಫಿಕ್ಸೆಡ್ ಡಿಪಾಸಿಟ್ಟಿನಿಂದ ತಾನೇ ಹಣ ತುಂಬಿಕೊಳ್ಳುವ ಖಾತೆ ನಿಮ್ಮದಾಗಿದ್ದರೆ ಎಚ್ಚರ ಇಮ್ಮಡಿ ಬೇಕು. ಖಾತೆಯಲ್ಲಿ ಕಡಿಮೆ ಹಣವಿದೆ ಎಂಬ ಧೈರ್ಯ ಅಲ್ಲಿ ಸುಳ್ಳು.

ಮೊಬೈಲ್ ಸಂಖ್ಯೆಯ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು. ಈಗ ನಿಮ್ಮ ಕೈಯಲ್ಲಿರುವ ಸಂಖ್ಯೆಯೇ ಖಾತೆಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಬದಲಿಸಿ. ಹಲವು ಬ್ಯಾಂಕುಗಳಲ್ಲಿ ಇದಕ್ಕೆ ಊರಿನ ಶಾಖೆಗೆ ಹೋಗಬೇಕಾಗಿಲ್ಲ, ಹತ್ತಿರದ ಶಾಖೆಯಲ್ಲಿ ಅರ್ಜಿ ಕೊಟ್ಟರೂ ಆಗುತ್ತದೆ. ಹಿರಿಯರ ಖಾತೆಯಾದರೆ ಅವರ ಜೊತೆ ಇರುವವರ ಕಣ್ಣಿಗೂ ಮೆಸೇಜು ಬೀಳುವಂತೆ ಏರ್ಪಾಡು ಮಾಡಿ. ಅವರ ಹಣ ಅವರದೇ. ಮೆಸೇಜು ಓದಿ ಹೇಳುವ ಸೇವೆಯಷ್ಟೇ ನಮ್ಮದು.

ಪ್ರಯಾಣದ ಕಾರ್ಡಿನ ಬಗ್ಗೆ ಒಂದು ವಿವರ. ಮೊಬಿಲಿಟಿ ಕಾರ್ಡಿನ ಚಿಪ್ಪಿನೊಳಗೆ ₹2,000ವರೆಗೆ ಹಣ ತುಂಬಿಟ್ಟುಕೊಳ್ಳಬಹುದು. ಗೇಟಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ಅದು ಕಡಿತವಾಗುತ್ತದೆ. ಆ ಹಣ ಜೇಬಿನ ನೋಟಿನಂತೆ, ಕಾರ್ಡು ಹೋದರೆ ಹೋಯಿತು. ವಾರಕ್ಕೆ ಬೇಕಾದಷ್ಟೇ ತುಂಬಿ. ಬಸ್ಸಿನಲ್ಲಿ ಪರ್ಸನ್ನೇ ಮೆಷೀನಿಗೆ ಒತ್ತದೆ ಕಾರ್ಡನ್ನು ಹೊರತೆಗೆದು ತಾಗಿಸಿ, ಇಲ್ಲದಿದ್ದರೆ ಪಕ್ಕದ ಬ್ಯಾಂಕ್ ಕಾರ್ಡಿನಿಂದ ಹಣ ಹೋಗಬಹುದು. ಪ್ರಯಾಣಕ್ಕೆಂದೇ ಇರುವ ಕಾರ್ಡುಗಳಿಗೆ 2020ರ ಆನ್-ಆಫ್ ನಿಯಮ ಕಡ್ಡಾಯವಲ್ಲ ಎಂಬುದೂ ಗೊತ್ತಿರಲಿ.

ಹೋಟೆಲು, ಅಂಗಡಿ ನಡೆಸುವ ನಮ್ಮವರಲ್ಲಿ ಒಂದು ಕೋರಿಕೆ. ಗಲ್ಲೆಯಲ್ಲಿ ಕುಳಿತವರು ಮೆಷೀನನ್ನು ಗ್ರಾಹಕರ ಕಡೆ ತಿರುಗಿಸಿ, ಮೊತ್ತವನ್ನು ಬಾಯಲ್ಲಿ ಹೇಳಿ, ಅವರ ಕೈಯಿಂದಲೇ ತಾಗಿಸಲು ಬಿಡಲಿ. ಕಾರ್ಡು ಒಳಗೆ ಒಯ್ಯುವ ಪದ್ಧತಿ ನಿಲ್ಲಲಿ. ಪಿನ್ ಕೇಳಬಾರದೆಂದು ಹುಡುಗರಿಗೆ ಕಲಿಸಿ. ಪಾವತಿ ಆಯಿತೋ ಇಲ್ಲವೋ ಎಂಬ ಗೊಂದಲವಾದಾಗ ಅವಸರದಿಂದ ಎರಡನೆಯ ಸಲ ತಾಗಿಸುವ ಮುನ್ನ ಗ್ರಾಹಕರ ಮೆಸೇಜು ನೋಡಿ. ಹಣ ಕಡಿತವಾಗಿ ಅಂಗಡಿಗೆ ದೃಢೀಕರಣ ಬಾರದಿದ್ದರೆ, ಐದು ದಿನಗಳೊಳಗೆ ಅದು ತಾನಾಗಿ ಗ್ರಾಹಕರಿಗೆ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂದು 2019ರ ಅಕ್ಟೋಬರಿನಿಂದ ನಿಯಮವಿದೆ. ಈ ಮಾತನ್ನು ನಿಮ್ಮ ಗ್ರಾಹಕರಿಗೆ ಹೇಳಿದರೆ ಜಗಳ ತಪ್ಪುತ್ತದೆ, ವಿಶ್ವಾಸ ಬೆಳೆಯುತ್ತದೆ.

ಈ ಮೂರು ನಗರಗಳ ಕನ್ನಡ ಸಂಘಟನೆಗಳ ಮುಂದಾಳುಗಳಲ್ಲಿ ಇನ್ನೊಂದು. ರಾಜ್ಯೋತ್ಸವಕ್ಕೆ, ಯುಗಾದಿಗೆ ನಾವು ಹಾಡು, ನೃತ್ಯ, ಊಟ ಎಲ್ಲವನ್ನೂ ಏರ್ಪಡಿಸುತ್ತೇವೆ. ಊಟದ ಪಕ್ಕದಲ್ಲಿ ಒಂದು ಮೇಜು ಹಾಕಿ. ನಮ್ಮಲ್ಲೇ ಬ್ಯಾಂಕಿನಲ್ಲಿ ಇರುವವರು, ಇದ್ದು ನಿವೃತ್ತರಾದವರು ಸಾಕಷ್ಟಿದ್ದೇವೆ. ಹಿರಿಯರು ಒಬ್ಬೊಬ್ಬರಾಗಿ ಬಂದು ತಮ್ಮ ಫೋನಿನಲ್ಲಿ ತಾವೇ ಕಾರ್ಡಿನ ಮಿತಿ ಇಳಿಸುವುದನ್ನು, ಆಫ್ ಮಾಡುವುದನ್ನು, ಬ್ಲಾಕ್ ಮಾಡುವುದನ್ನು ಕನ್ನಡದಲ್ಲಿ ಕಲಿಯಲಿ. ಕಲಿಸುವವರು ಅವರ ಪಿನ್, ಓಟಿಪಿ ಕಡೆ ಕಣ್ಣೆತ್ತಿಯೂ ನೋಡದಿರಲಿ, ಬ್ಯಾಂಕಿನವರಾದರೂ ಅದನ್ನು ಕೇಳಬಾರದೆಂಬ ಪಾಠ ಅಲ್ಲೇ ಆಗಲಿ. ಅಲ್ಲಿಗೆ ನಾನು ಬರುತ್ತೇನೆ, ಕರೆದಲ್ಲೆಲ್ಲ ಬರುತ್ತೇನೆ.

ಈಗಲೂ ಶಾಖೆಗಳಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗ ಗೆಳೆಯರೇ, ನಿಮ್ಮ ಕೌಂಟರಿಗೆ ಬಂದವರಿಗೆ ಹೊಸ ಕಾರ್ಡು ಕೊಡುವಾಗ ಒಂದೆರಡು ನಿಮಿಷ ಹೆಚ್ಚು ಕೊಡಿ. ತಾಗಿಸುವ ಸೌಲಭ್ಯ ಬೇಕೇ ಎಂದು ಕೇಳಿ, ಮಿತಿ ಎಷ್ಟಿರಲಿ ಎಂದು ಕೇಳಿ, ಮೊಬೈಲ್ ಸಂಖ್ಯೆ ಈಗಿನದೇ ಎಂದು ಕೇಳಿ. ಭಾಷೆ ತೊಡರಿದ ಒಬ್ಬ ಹಿರಿಯರಿಗೆ ಅಲ್ಲಿ ಸಿಗುವ ನಾಲ್ಕು ಕನ್ನಡದ ಮಾತು ಅವರ ತಿಂಗಳ ಪೆನ್ಷನ್ನನ್ನು ಉಳಿಸಬಹುದು.

ಬಂಧುಗಳೇ, ಹೊಸ ಸೌಕರ್ಯವನ್ನು ದೂರ ತಳ್ಳಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ದುಡಿಯಲು ಊರು ಬಿಟ್ಟು ಬಂದವರು ನಾವು. ಇಲ್ಲಿ ಗಳಿಸಿದ ಪ್ರತಿ ರೂಪಾಯಿಯ ಹಿಂದೆ ಊರಿನಿಂದ ದೂರವಿರುವ ಒಂದು ದಿನವಿದೆ. ಆ ಹಣವನ್ನು ಕಾಯಲು ಬೇಕಾದ ನಿಯಮಗಳಿವೆ, ಗುಂಡಿಗಳೂ ನಮ್ಮ ಫೋನಿನಲ್ಲೇ ಇವೆ. ಈ ಪತ್ರ ಓದಿದ ಮೇಲೆ ನೀವು ಮೂರು ಕೆಲಸ ಮಾಡಿದರೆ ನನಗೆ ತೃಪ್ತಿ: ಖಾತೆಯಲ್ಲಿರುವ ಮೊಬೈಲ್ ಸಂಖ್ಯೆ ಸರಿಯಿದೆಯೇ ನೋಡಿ, ತಾಗಿಸುವ ಮಿತಿಯನ್ನು ಇಳಿಸಿ, ಬ್ಲಾಕ್ ಮಾಡಿಸುವ ಸಂಖ್ಯೆಯನ್ನು ಪರ್ಸಿನ ಹೊರಗೆ ಬರೆದಿಡಿ. ಆಮೇಲೆ ಅದನ್ನೇ ನಿಮ್ಮ ತಂದೆತಾಯಿಗೂ, ಪಕ್ಕದ ಮನೆಯ ಗುಜರಾತಿ ಅಜ್ಜಿಗೂ ಮಾಡಿಕೊಡಿ.

ಇತಿ ನಿಮ್ಮವನೇ ಆದ,
ಸೂರತ್ತಿನ ಒಬ್ಬ ನಿವೃತ್ತ ಬ್ಯಾಂಕ್ ನೌಕರ